ಕೇರಳದ ಕಾರ್ಡು, ಮಂಗಳೂರಿನ ಕೌಂಟರು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ತಾಗಿದ ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ಹಳ್ಳಿ. ಒಂದೇ ಅಂಗಳಕ್ಕೆ ಎರಡು ಮನೆ. ಮೇಲಿನ ಮನೆಯಲ್ಲಿ ಅರವತ್ತು ದಾಟಿದ ಬೀಡಿ ಕಾರ್ಮಿಕೆ. ಗಂಡ ಈಗಿಲ್ಲ, ಮಗನೊಬ್ಬ ಮಂಗಳೂರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗಿ ಬರುತ್ತಾನೆ. ಕೆಳಗಿನ ಮನೆಯಲ್ಲಿ ಅವರ ಮೈದುನ, ಓರಗಿತ್ತಿ, ಎರಡು ಮಕ್ಕಳು, ಮತ್ತೆ ಎಂಬತ್ತರ ಹತ್ತಿರದ ಅತ್ತೆ. ತೋಟ ಪಾಲಾಗಿದೆ. ಇಬ್ಬರಿಗೂ ಬಂದದ್ದು ಸಮ, ಅಡಿಕೆಯ ರೋಗವೂ ಸಮ. ಆದರೆ ಮೇಲಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಸರ್ಕಾರಿ ಆರೋಗ್ಯ ವಿಮೆ ಉಂಟು, ಕೆಳಗಿನ ಮನೆಗೆ ಇಲ್ಲ. ವಿಮೆ ಇದ್ದ ಮನೆಯವರೂ ಆಸ್ಪತ್ರೆಯ ಕೌಂಟರಿನಲ್ಲಿ ಬಳೆ ಅಡವಿಟ್ಟ ದುಡ್ಡು ಎಣಿಸಬೇಕಾಯಿತು. ಇದು ಹೇಗಾಯಿತು ಎಂಬುದೇ ಈ ಪ್ರಕರಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆ ಬೀಡಿ ಕಾರ್ಮಿಕೆಯನ್ನು ಇಲ್ಲಿ ಅಕ್ಕ, ತೀರಿಹೋದ ಅವರ ಗಂಡನನ್ನು ಭಾವ, ಕೆಳಗಿನ ಮನೆಯವನನ್ನು ಮೈದುನ ಎಂದೇ ಕರೆಯುತ್ತೇನೆ. ಊರಿನಲ್ಲೂ ಹಾಗೆಯೇ ಕರೆಯುವುದು.

ಅಕ್ಕನ ಹೆಸರು ವಿಮೆಯ ಪಟ್ಟಿಗೆ ಸೇರಿದ್ದು ಬೀಡಿಯ ಋಣದಿಂದ. ಕೇಂದ್ರ ಸರ್ಕಾರ 2008ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ತಂದಾಗ ಒಂದು ಕುಟುಂಬದ ಐದು ಜನಕ್ಕೆ ವರ್ಷಕ್ಕೆ 30,000 ರೂಪಾಯಿಯ ರಕ್ಷಣೆ ಇತ್ತು. ಮುಂದೆ ಬೀಡಿ ಕಾರ್ಮಿಕರನ್ನೂ ಅದಕ್ಕೆ ಸೇರಿಸಿದರು. ಕೇಂದ್ರದ ಬಡವರ ಪಟ್ಟಿಗೆ ಬಾರದ, ಆದರೆ ತನ್ನ ಲೆಕ್ಕದಲ್ಲಿ ಬಡವರೇ ಆದ ಕುಟುಂಬಗಳಿಗೆ ಕೇರಳ ಅದೇ ಮಾದರಿಯಲ್ಲಿ ಸಮಗ್ರ ಆರೋಗ್ಯ ವಿಮೆ ಮಾಡಿತು. ಜನರಿಗೆ ಈ ಎರಡರ ಭೇದ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಶಾಲೆಯ ಜಗಲಿಯಲ್ಲಿ ಫೋಟೋ ತೆಗೆದು, ಬೆರಳು ಒತ್ತಿಸಿ, ಅಲ್ಲಿಯೇ ಸ್ಮಾರ್ಟ್ ಕಾರ್ಡು ಕೊಡುತ್ತಿದ್ದರು. ಮೈದುನನಿಗೂ ಆಗ ಸಿಕ್ಕಿತ್ತು. ಹೃದಯ, ಕಿಡ್ನಿ, ಕ್ಯಾನ್ಸರ್ ಎಂದರೆ ಮೇಲೆ ಇನ್ನೊಂದು 70,000. ಅದೂ ಸಾಲದವರಿಗೆ ಲಾಟರಿ ದುಡ್ಡಿನ ಕಾರುಣ್ಯ ನಿಧಿ. ಅದನ್ನು ತಂದದ್ದು ಕಾಂಗ್ರೆಸ್ ನೇತೃತ್ವದ ಯುಡಿಎಫ್ ಸರ್ಕಾರದ ಹಣಕಾಸು ಮಂತ್ರಿ ಕೆ.ಎಂ. ಮಾಣಿ.

ಹೀಗೆ ಮೂರು ನಾಲ್ಕು ಚೀಲದಲ್ಲಿದ್ದ ಸಹಾಯವನ್ನು ಒಂದು ಮೂಟೆ ಕಟ್ಟುವ ಪ್ರಸಂಗ ಬಂದದ್ದು 2018ರಲ್ಲಿ. ಆ ವರ್ಷ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಪ್ರಧಾನಿ ಆಯುಷ್ಮಾನ್ ಭಾರತ್ ಜನಾರೋಗ್ಯ ಯೋಜನೆಯನ್ನು ಉದ್ಘಾಟಿಸಿದರು. ಕುಟುಂಬಕ್ಕೆ 5 ಲಕ್ಷ. ಫಲಾನುಭವಿಗಳ ಆಯ್ಕೆ 2011ರ ಸಾಮಾಜಿಕ-ಆರ್ಥಿಕ ಗಣತಿಯ ಮೇಲೆ. ಖರ್ಚಿನಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40.

ಕೇರಳದ ಎಡರಂಗ ಸರ್ಕಾರಕ್ಕೆ ಇದು ಗಂಟಲಲ್ಲಿ ಇಳಿಯಲಿಲ್ಲ. ಹಣಕಾಸು ಮಂತ್ರಿ ಥಾಮಸ್ ಐಸಾಕ್ ಅವರ ತಕರಾರು ಮುಖ್ಯವಾಗಿ ಲೆಕ್ಕದ್ದು: ಇಷ್ಟು ಸಣ್ಣ ಪ್ರೀಮಿಯಂ ಇಟ್ಟುಕೊಂಡು 5 ಲಕ್ಷದ ರಕ್ಷಣೆ ಕೊಡುವುದು ಹೇಗೆ? ತಕರಾರಿಗೆ ಆಧಾರವಿತ್ತು. ಕೇಂದ್ರ ಒಂದು ಕುಟುಂಬಕ್ಕೆ ಲೆಕ್ಕ ಹಿಡಿದದ್ದು 1,052 ರೂಪಾಯಿ, ಅದರಲ್ಲಿ ಅದು ಕೊಡುವುದು ಶೇ. 60, ಅಂದರೆ 631 ರೂಪಾಯಿ. ಕೊನೆಗೆ ಕೇರಳ ಟೆಂಡರ್ ಕರೆದಾಗ ವಿಮಾ ಕಂಪನಿಯ ದರ ನಿಂತದ್ದು 1,671 ರೂಪಾಯಿಗೆ. ಕೇಂದ್ರದ ಪಟ್ಟಿಯಲ್ಲಿದ್ದ ಕುಟುಂಬದ ಮೇಲೂ ರಾಜ್ಯ ಸಾವಿರ ಚಿಲ್ಲರೆ ಹಾಕಬೇಕು. ಪಟ್ಟಿಯ ಹೊರಗಿನವರದ್ದು ಪೂರ್ತಿ ರಾಜ್ಯದ ತಲೆಗೆ.

ಆದರೂ 2018ರ ಕೊನೆಯಲ್ಲಿ ಕೇರಳ ಸಹಿ ಹಾಕಿತು. ಕಾರಣ ಸರಳ. ಹಳೆಯ ಸ್ವಾಸ್ಥ್ಯ ಬಿಮಾ ಯೋಜನೆ ಹೊಸದರಲ್ಲಿ ಕರಗುತ್ತಿತ್ತು; ಹೊರಗೆ ನಿಂತರೆ ಬರುತ್ತಿದ್ದ ಕೇಂದ್ರದ ದುಡ್ಡೂ ಇಲ್ಲ. ಹಾಗೆಂದು ಸಿಕ್ಕಿದ್ದನ್ನು ಸಿಕ್ಕ ಹಾಗೆ ಒಪ್ಪಲೂ ಇಲ್ಲ. ಗಣತಿಯ ಪಟ್ಟಿಯ ಜೊತೆಗೆ ತನ್ನ ಹಳೆಯ ವಿಮೆಯ ಕುಟುಂಬಗಳನ್ನೂ ಸೇರಿಸಿ ಸುಮಾರು 41 ಲಕ್ಷ ಕುಟುಂಬಗಳಿಗೆ ಒಂದೇ ಯೋಜನೆ ಮಾಡಿತು. ಹೆಸರು, ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ. 2019ರ ಏಪ್ರಿಲ್ 1ರಿಂದ ಜಾರಿ. ಆ ಹೆಸರನ್ನು ಸ್ವಲ್ಪ ಗಮನಿಸಬೇಕು. ಕೇಂದ್ರದ ಎದುರಾಳಿಯ ಯೋಜನೆಗೆ ರಾಜ್ಯದ ಎದುರಾಳಿ ಇಟ್ಟಿದ್ದ ಹೆಸರನ್ನು ತೊಡಿಸಿದರು ಕಮ್ಯೂನಿಸ್ಟರು. ‘ಕಾರುಣ್ಯ’ ಎಂದರೆ ಮಾಣಿ ಎಂದು ಕೇರಳದ ಹಳ್ಳಿಹಳ್ಳಿಗೆ ಗೊತ್ತು. ಅದನ್ನು ತೆಗೆದುಹಾಕುವ ಧೈರ್ಯ ಯಾವ ಮಂತ್ರಿಗೂ ಇರಲಿಲ್ಲ. ನನ್ನ ಲೆಕ್ಕಕ್ಕೆ ಇಡೀ ಒಪ್ಪಂದದಲ್ಲಿ ಅತ್ಯಂತ ಜಾಣತನದ ಕೆಲಸ ಇದೇ.

ಆಚೆ ಬದಿಯಲ್ಲೂ ಇಂಥದ್ದೇ ಕಥೆ. ಕರ್ನಾಟಕ 2018ರ ಮಾರ್ಚ್‌ನಲ್ಲಿ ತನ್ನದೇ ‘ಆರೋಗ್ಯ ಕರ್ನಾಟಕ’ ಆರಂಭಿಸಿತ್ತು. ಅದು ಎಲ್ಲರಿಗೂ ಎಂಬ ಯೋಜನೆ: ಬಿಪಿಎಲ್‌ನವರಿಗೆ ಪೂರ್ತಿ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ, ಶೇ. 30. ಅಕ್ಟೋಬರ್ ಕೊನೆಗೆ ಕೇಂದ್ರದ ಜೊತೆ ಸಹಿ ಆಗಿ ಹೆಸರು ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಎಂದು ಜಡೆ ಹಾಕಿಕೊಂಡಿತು. ಸರ್ಕಾರ ಬದಲಾದ ಮೇಲೆ 2023ರಲ್ಲಿ ಬಂದ ಹೊಸ ಕಾರ್ಡಿನ ಹೆಸರಿನಲ್ಲಿ ಪ್ರಧಾನ ಮಂತ್ರಿಗಳೂ ಇದ್ದಾರೆ, ಮುಖ್ಯಮಂತ್ರಿಗಳೂ ಇದ್ದಾರೆ. ಪಶ್ಚಿಮ ಬಂಗಾಳಕ್ಕೆ ಈ ಹೊಂದಾಣಿಕೆ ಸಾಧ್ಯವಾಗಲಿಲ್ಲ. ಪ್ರಧಾನಿಯ ಚಿತ್ರವಿರುವ ಪತ್ರ ಮನೆಮನೆಗೆ ಅಂಚೆಯಲ್ಲಿ ಬಂದದ್ದೇ ನೆಪವಾಗಿ 2019ರ ಜನವರಿಯಲ್ಲಿ ಅದು ಹೊರಬಂತು.

ಆ ಪತ್ರ ನಮ್ಮ ಕಡೆಗೂ ಬಂದಿತ್ತು. ಇಲ್ಲಿ ಅದಕ್ಕೆ ಬೇರೆಯೇ ಬೆಲೆ ಬಂತು. ಕೇರಳದ ಹೊಸ ಯೋಜನೆಗೆ ಸೇರಲು ಎರಡೇ ದಾರಿ: 2018-19ರಲ್ಲಿ ಹಳೆಯ ಸ್ಮಾರ್ಟ್ ಕಾರ್ಡು ನವೀಕರಿಸಿರಬೇಕು, ಇಲ್ಲವೇ ಪ್ರಧಾನಿಯ ಪತ್ರ ಬಂದಿರಬೇಕು. ಅಕ್ಕ ಆ ವರ್ಷ ಬೀಡಿ ಕಟ್ಟುವ ಮೊರ ಬದಿಗಿಟ್ಟು ಸಾಲಿನಲ್ಲಿ ನಿಂತು ನವೀಕರಿಸಿದ್ದರು. ಮೈದುನ ಆಗ ಮುಂಬೈಯ ಹೋಟೆಲೊಂದರಲ್ಲಿದ್ದ. ‘ಬರುವ ವರ್ಷ ಮಾಡುವ’ ಎಂದ. ಬರುವ ವರ್ಷ ಎಂಬುದು ಆ ಯೋಜನೆಯಲ್ಲಿ ಇರಲೇ ಇಲ್ಲ. ಕೇರಳದಲ್ಲಿ ರೇಷನ್ ಕಾರ್ಡುಗಳು ತೊಂಬತ್ತು ಲಕ್ಷದ ಆಸುಪಾಸು, ವಿಮೆ ಇರುವುದು 41 ಲಕ್ಷ ಕುಟುಂಬಕ್ಕೆ. ಬಾಗಿಲು ಹಾಕಿದ ಮೇಲೆ ಬಡವನಾದವನಿಗೆ, ಮದುವೆಯಾಗಿ ಬೇರೆ ಮನೆ ಮಾಡಿದವನಿಗೆ, ಮುಂಬೈಯಿಂದ ಕೆಲಸ ಬಿಟ್ಟು ಬಂದವನಿಗೆ ಹೊಸದಾಗಿ ಸೇರುವ ವ್ಯವಸ್ಥೆ ಇಡಲಿಲ್ಲ. ರಾಜಿಯ ಮೊದಲ ಬೆಲೆ ತೆತ್ತದ್ದು ಕೆಳಗಿನ ಮನೆ. ದುಡ್ಡಿನ ಮಿತಿ ಮೊದಲೇ ಗಟ್ಟಿಯಾಗಿದ್ದರಿಂದ ಜನರ ಸಂಖ್ಯೆಯನ್ನೂ ಗಟ್ಟಿ ಮಾಡಿದರು.

ಇನ್ನು ಮೇಲಿನ ಮನೆಯ ಕಥೆ.

ಅಕ್ಕನಿಗೆ ಎದೆನೋವು ಬಂದದ್ದು ರಾತ್ರಿ ಊಟದ ಹೊತ್ತಿಗೆ. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಮಾತ್ರೆ ಕೊಟ್ಟು, ‘ಕೂಡಲೇ ಮಂಗಳೂರಿಗೆ ಕೊಂಡುಹೋಗಿ’ ಎಂದರು. ಈ ಭಾಗದವರಿಗೆ ಅದು ಹೊಸ ಮಾತಲ್ಲ. 1956ಕ್ಕೆ ಮುಂಚೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಜಿಲ್ಲಾಕೇಂದ್ರ ಮಂಗಳೂರು, ವೆನ್ಲಾಕ್ ಅಂದರೆ ನಮ್ಮದೇ ದೊಡ್ಡಾಸ್ಪತ್ರೆ. ನವೆಂಬರ್ 1ರಂದು ರಾಜ್ಯ ಬದಲಾಯಿತು, ಬಸ್ಸಿನ ಬೋರ್ಡು ಬದಲಾಗಲಿಲ್ಲ. ಇಂದಿಗೂ ಉಪ್ಪಳ, ಕುಂಬಳೆ, ಬದಿಯಡ್ಕದವರಿಗೆ ದೊಡ್ಡ ಕಾಯಿಲೆ ಎಂದರೆ ಉತ್ತರಕ್ಕೇ ಮುಖ. ಕೇರಳದ ಒಳಗಿನ ಪರಿಯಾರಂ ಮೆಡಿಕಲ್ ಕಾಲೇಜಿಗೆ ಹೋಗುವಷ್ಟರಲ್ಲಿ ಮಂಗಳೂರಿಗೆ ಹೋಗಿ ಹಿಂದೆ ಬರಬಹುದು.

ಖಾಸಗಿ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಅಕ್ಕನನ್ನು ಒಳಗೆ ತೆಗೆದುಕೊಂಡರು. ಅದರಲ್ಲಿ ತಡವೇನೂ ಆಗಲಿಲ್ಲ ಎಂದು ಹೇಳಲೇಬೇಕು. ತಡವಾದದ್ದು ಕೌಂಟರಿನಲ್ಲಿ. ಗಾಜಿನ ಹಿಂದೆ ಕುಳಿತಿದ್ದ ಹುಡುಗಿ ಕಾರ್ಡು ತಿರುಗಿಸಿ ನೋಡಿ, ‘ಕೇರಳದ್ದಾ? ಪೋರ್ಟಬಿಲಿಟಿ ಕೇಸು, ಸ್ವಲ್ಪ ಟೈಮ್ ಆಗ್ತದೆ. ಈಗ ಅಡ್ವಾನ್ಸ್ ಕಟ್ಟಿ, ಅಪ್ರೂವಲ್ ಬಂದರೆ ವಾಪಸ್ ಮಾಡ್ತಾರೆ’ ಎಂದಳು.

‘ಕಾರ್ಡಿನಲ್ಲಿ ದುಡ್ಡು ಉಂಟಲ್ಲ ಮೇಡಂ?’ ಎಂದು ಮಗ ಕೇಳಿದ.

‘ಉಂಟು. ಕೊಡಬೇಕಾದವರು ತಿರುವನಂತಪುರದಲ್ಲಿದ್ದಾರೆ.’

ಉತ್ತರದಲ್ಲಿ ತಪ್ಪಿರಲಿಲ್ಲ. ಒಂದು ರಾಜ್ಯದ ಕಾರ್ಡು ಇನ್ನೊಂದು ರಾಜ್ಯದ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ನಡೆಯಬೇಕು ಎಂಬುದು ಆಯುಷ್ಮಾನ್ ಯೋಜನೆಯ ಮೂಲ ನಿಯಮಗಳಲ್ಲಿ ಒಂದು. ಅದರ ಪ್ರಕಾರ ಪ್ಯಾಕೇಜ್ ದರ ಚಿಕಿತ್ಸೆ ನಡೆಯುವ ರಾಜ್ಯದ್ದು, ಬಿಲ್ಲು ರೋಗಿಯ ತವರು ರಾಜ್ಯದ ಮೇಲೆ. ಅಂದರೆ ಸ್ಟೆಂಟಿನ ದರ ಬೆಂಗಳೂರು ನಿಗದಿ ಮಾಡಿದ್ದು, ಹಣ ಕೊಡುವುದು ತಿರುವನಂತಪುರ, ಕೆಲಸ ಮಂಗಳೂರಿನ ಡಾಕ್ಟರದ್ದು, ಹೃದಯ ಮಂಜೇಶ್ವರದ್ದು. ಮೊದಲು ಆಧಾರ್ ನೋಡಿ ಗುರುತು ಖಚಿತವಾಗಬೇಕು, ಆಮೇಲೆ ಪೂರ್ವಾನುಮತಿಗೆ ಕಾಗದ ಏರಿಸಬೇಕು. ಅಕ್ಕನ ವಿಷಯದಲ್ಲಿ ಗುರುತಿನಲ್ಲೇ ಗಂಟು ಬಿತ್ತು. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ. ಕನ್ನಡದ ಹೆಸರು ಮಲಯಾಳಂಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ನಮ್ಮಲ್ಲಿ ಎಷ್ಟೋ ಜನ ಅರ್ಧ ಬೇರೆಯವರೇ ಆಗಿಬಿಟ್ಟಿರುತ್ತಾರೆ.

ಮಗ ಊರಿಗೆ ಫೋನ್ ಮಾಡಿದ. ಕೆಳಗಿನ ಮನೆಯ ಓರಗಿತ್ತಿ ತನ್ನ ಎರಡು ಬಳೆ ಬಿಚ್ಚಿ ಕೊಟ್ಟಳು. ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆದ ಕೂಡಲೇ ಮೈದುನ ಅಡವಿಟ್ಟು ದುಡ್ಡು ಕಳಿಸಿದ. ವಿಮೆ ಇಲ್ಲದ ಮನೆಯ ಚಿನ್ನ ವಿಮೆ ಇದ್ದ ಮನೆಯ ಅಡ್ವಾನ್ಸಿಗೆ ಹೋಯಿತು. ಅಷ್ಟರಲ್ಲಿ ಡಾಕ್ಟರು ಕಾಯದೆ ಸ್ಟೆಂಟ್ ಹಾಕಿಯಾಗಿತ್ತು. ಅನುಮತಿಯೂ ಆಮೇಲೆ ಬಂತು, ಚಿಕಿತ್ಸೆಯ ಮೊತ್ತ ಕಾರ್ಡಿನಿಂದಲೇ ಹೋಯಿತು. ಪ್ಯಾಕೇಜಿಗೆ ಸೇರದ್ದು ಎಂದು ಒಂದಷ್ಟು ಹಿಡಿದುಕೊಂಡು ಉಳಿದ ಅಡ್ವಾನ್ಸನ್ನು ಆಸ್ಪತ್ರೆ ಹಿಂದೆ ಕೊಟ್ಟದ್ದು ಬಹಳ ಸತಾಯಿಸಿದ ಮೇಲೆ. ಬಳೆಗೆ ಬಡ್ಡಿ ಅಷ್ಟು ದಿನ ಬೆಳೆಯುತ್ತಲೇ ಇತ್ತು.

ಆಸ್ಪತ್ರೆಯವರನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಅವರ ಭಯಕ್ಕೂ ಕಾರಣ ಉಂಟು. 2020ರ ಜುಲೈ 1ರಿಂದ ಕೇರಳ ವಿಮಾ ಕಂಪನಿಯನ್ನು ಬಿಟ್ಟು ರಾಜ್ಯ ಆರೋಗ್ಯ ಏಜೆನ್ಸಿಯ ಮೂಲಕ ತಾನೇ ಬಿಲ್ಲು ಕೊಡುತ್ತಿದೆ. ಮಧ್ಯವರ್ತಿ ಹೋದದ್ದು ಒಳ್ಳೆಯದೇ. ಆದರೆ ಖಜಾನೆ ಬಿಗಿಯಾದರೆ ಬಿಲ್ಲು ನೇರವಾಗಿ ಬಾಕಿ ಬೀಳುತ್ತದೆ. ಬಾಕಿ ನೂರಾರು ಕೋಟಿಗೆ ಏರಿ, 2023ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳೇ ಯೋಜನೆಯಿಂದ ಹೊರಬರುವ ಮಾತಾಡಿದವು. ತನ್ನ ಊರಿನ ಆಸ್ಪತ್ರೆಗೇ ಕಾಲಕ್ಕೆ ಸರಿಯಾಗಿ ಕೊಡಲಾಗದ ಏಜೆನ್ಸಿ ಗಡಿಯಾಚೆಯ ಆಸ್ಪತ್ರೆಗೆ ಕೊಟ್ಟೀತೇ ಎಂದು ಮಂಗಳೂರಿನ ಲೆಕ್ಕಪತ್ರ ವಿಭಾಗ ಯೋಚಿಸಿದರೆ ಅದು ಕೇಡಿಗತನವಲ್ಲ. ಪಶ್ಚಾತ್ತಾಪವಿಲ್ಲದೆ ಆ ಅಪಾಯವನ್ನು ಅದು ರೋಗಿಯ ಮನೆಯವರ ಮೇಲೆ ದಾಟಿಸಿದೆ, ಅಷ್ಟೇ ತಪ್ಪು.

ಇಲ್ಲಿಯೇ 2018ರ ರಾಜಿಯ ಬಿರುಕು ಕಾಣುವುದು. ಯಾರ ಪಾಲು ಎಷ್ಟು, ಯಾರ ಹೆಸರು ಮೊದಲು, ಯಾರ ಪಟ್ಟಿ ಹಿಡಿಯುವುದು ಎಂಬುದಕ್ಕೆಲ್ಲ ಮಾತುಕತೆ ನಡೆಯಿತು. ಎರಡು ರಾಜ್ಯದ ನಡುವೆ ಬಿಲ್ಲು ನಿಂತರೆ ಆ ನಡುವಿನ ದಿನಗಳಿಗೆ ಯಾರು ದುಡ್ಡು ಹಾಕುವುದು ಎಂಬುದು ಯಾರ ದೊಡ್ಡ ಚಿಂತೆಯೂ ಆಗಿರಲಿಲ್ಲ. ತಿರುವನಂತಪುರದವರಿಗೆ ಹೊರರಾಜ್ಯದ ಚಿಕಿತ್ಸೆ ಅಪರೂಪದ ಪ್ರಸಂಗ, ಮಂಜೇಶ್ವರದವರಿಗೆ ಅದೇ ನಿತ್ಯದ ದಾರಿ.

ಇಷ್ಟಾದರೂ ಆ ರಾಜಿ ಆಗಬಾರದಿತ್ತು ಎನ್ನುವವರ ಜೊತೆ ನಾನಿಲ್ಲ. ಕೇರಳ ಹಟ ಹಿಡಿದು ಹೊರಗೆ ನಿಂತಿದ್ದರೆ ಏನಾಗುತ್ತಿತ್ತು? ರಾಜ್ಯದ್ದೇ ಒಂದು ಕಾರ್ಡು ಇರುತ್ತಿತ್ತು, ಬಹುಶಃ ಚೆನ್ನಾಗಿಯೂ ನಡೆಯುತ್ತಿತ್ತು, ಎರ್ನಾಕುಳಂನವರಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಆದರೆ ಗಡಿಯ ತಪಾಸಣಾ ಠಾಣೆ ತಲಪಾಡಿಯ ಆಚೆಗೆ ಆ ಕಾರ್ಡಿಗೆ ತಾನಾಗಿ ಬೆಲೆ ಬರುತ್ತಿರಲಿಲ್ಲ. ಹಳೆಯ ಸ್ವಾಸ್ಥ್ಯ ಬಿಮಾದಲ್ಲೂ ಗಡಿ ದಾಟುವ ಸೌಲಭ್ಯ ಹೇಳಲಿಕ್ಕೆ ಇತ್ತು, ಆದರೆ 30,000 ರೂಪಾಯಿಯಲ್ಲಿ ಹೃದಯದ ಕೆಲಸ ಎಲ್ಲಿಂದ? ಕೇಂದ್ರದ ಯೋಜನೆಗೆ ಸೇರಿದ್ದರಿಂದ ಕೇರಳದ ರಾಜಧಾನಿಗೆ ಸಿಕ್ಕಿದ್ದು ಕುಟುಂಬಕ್ಕೆ 631 ರೂಪಾಯಿ. ಗಡಿಯವರಿಗೆ ಸಿಕ್ಕಿದ್ದು ಮಂಗಳೂರು. ಆ ಲಾಭವನ್ನು ಎಡರಂಗವೂ ಹೇಳಿಕೊಳ್ಳಲಿಲ್ಲ, ಬಿಜೆಪಿಯೂ ಹೇಳಿಕೊಳ್ಳಲಿಲ್ಲ. ಇಬ್ಬರ ಭಾಷಣವೂ ಪ್ರೀಮಿಯಂ ಮತ್ತು ಫೋಟೋದ ಸುತ್ತಲೇ ತಿರುಗಿತು.

ಕಾರ್ಡು ಇದ್ದರೂ ದಾರಿಯೇ ಇಲ್ಲದಿದ್ದರೆ ಏನು ಎಂಬುದನ್ನು ಇದೇ ಮೇಲಿನ ಮನೆ 2020ರಲ್ಲಿ ನೋಡಿತ್ತು. ಆಗ ಭಾವ ಇದ್ದರು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗುತ್ತಿದ್ದರು. ಮಾರ್ಚ್ ಕೊನೆಯಲ್ಲಿ ಕರ್ನಾಟಕ ತಲಪಾಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿಯಿತು. ಕಾಸರಗೋಡಿನಲ್ಲಿ ಕೊರೊನಾ ಹೆಚ್ಚು ಎಂಬುದು ಕಾರಣ. ಆಂಬ್ಯುಲೆನ್ಸುಗಳು ಗಡಿಯಿಂದ ಹಿಂದೆ ಬಂದವು, ಮಂಗಳೂರು ಸೇರಲಾಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟು ಕೂತು ಮಾತಾಡಿಕೊಳ್ಳಿ ಎಂದಿತು. ಏಪ್ರಿಲ್ 7ರಂದು ಎರಡೂ ಕಡೆಯವರು ಒಂದು ಪದ್ಧತಿಗೆ ಒಪ್ಪಿದ್ದಾರೆ ಎಂದು ಕೇಂದ್ರ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು. ಗಡಿಯಲ್ಲಿ ತಪಾಸಣೆ ಮಾಡಿ, ಕಾಗದ ನೋಡಿ ಬಿಡುವುದು. ಅದೂ ರಾಜಿಯೇ. ಭಾವ ಅಷ್ಟರಲ್ಲಿ ಕೆಲವು ಡಯಾಲಿಸಿಸ್ ತಪ್ಪಿಸಿಕೊಂಡು, ಹೇಗೋ ಕಾಸರಗೋಡಿನ ಕಡೆಯಲ್ಲಿ ಜಾಗ ಸಿಕ್ಕಿ ಅಲ್ಲಿಗೆ ಹೋಗತೊಡಗಿದ್ದರು. ಮರುವರ್ಷ ತೀರಿಕೊಂಡರು, ಅದಕ್ಕೆ ಆ ದಿನಗಳೇ ಕಾರಣ ಎಂದು ಅಕ್ಕ ಹೇಳುತ್ತಾರೆ, ಡಾಕ್ಟರು ಹೇಳಲಿಲ್ಲ.

ಆ ಪೆಟ್ಟಿನ ಮೇಲೆ ಕೇರಳ ಇಲ್ಲಿ ಕಟ್ಟಡಗಳ ಕಡೆ ತಿರುಗಿತು. 2013ರಲ್ಲಿ ಶಿಲಾನ್ಯಾಸವಾಗಿ ನಿದ್ದೆ ಹೊಡೆಯುತ್ತಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜನ್ನು 2020ರ ಏಪ್ರಿಲ್‌ನಲ್ಲಿ ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ತೆಕ್ಕಿಲ್‌ನಲ್ಲಿ ಟಾಟಾದವರು ಐನೂರಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಕಟ್ಟಿಕೊಟ್ಟರು. ಉಕ್ಕಿನಡ್ಕಕ್ಕೆ ಎಂಬಿಬಿಎಸ್ ಸೀಟು ಮಂಜೂರಾದದ್ದು 2025ರಲ್ಲಿ. ಅಲ್ಲಿ ಹೃದಯದ ಕೆಲಸ ಪೂರ್ತಿ ಆಗುವವರೆಗೆ ಎದೆನೋವಿನ ಆಂಬ್ಯುಲೆನ್ಸು ತಲಪಾಡಿ ದಾಟುತ್ತಲೇ ಇರುತ್ತದೆ.

ಕೆಳಗಿನ ಮನೆಗೆ ಉಳಿದದ್ದು ಹಳೆಯ ಕಾರುಣ್ಯ ನಿಧಿ. ಹೊಸ ವಿಮೆ ಬಂದ ಮೇಲೆ ಅದನ್ನು ನಿಲ್ಲಿಸುವುದೆಂದಿತ್ತು, ಗಲಾಟೆಯಾಗಿ ಅವಧಿ ಮುಂದೆ ಹೋಯಿತು, ಕೊನೆಗೆ ಅದೇ ಏಜೆನ್ಸಿಯ ಕೈಗೆ ಬಂತು. ವಿಮೆ ಇಲ್ಲದ, ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ 2 ಲಕ್ಷ, ಕಿಡ್ನಿ ರೋಗಕ್ಕೆ 3 ಲಕ್ಷ. ಮೈದುನನಿಗೆ ಅದನ್ನು ತಿಳಿಸಿದಾಗ ಅವನು ಕೇಳಿದ್ದು ಒಂದೇ: ‘ಮಂಗಳೂರಿನಲ್ಲಿ ನಡೀತದಾ?’ ಅದು ದೇಶದ ಯೋಜನೆಯಲ್ಲ, ರಾಜ್ಯದ ನಿಧಿ. ಪೋರ್ಟಬಿಲಿಟಿ ಎಂಬ ಮಾತೇ ಅದಕ್ಕೆ ಅನ್ವಯಿಸುವುದಿಲ್ಲ.

ಅತ್ತೆಯದ್ದು ಇನ್ನೊಂದು ಅಧ್ಯಾಯ. 2024ರ ಅಕ್ಟೋಬರ್ 29ರಂದು ಕೇಂದ್ರ 70 ತುಂಬಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷದ ವಯ ವಂದನ ಕಾರ್ಡು ಜಾರಿಗೆ ತಂದಿತು. ಅಷ್ಟರಮಟ್ಟಿಗೆ ಇದೇ ನಿಜವಾದ ಸಾರ್ವತ್ರಿಕ ವಿಮೆ: ಪಟ್ಟಿ ಇಲ್ಲ, ಪತ್ರ ಇಲ್ಲ, ವಯಸ್ಸೊಂದೇ ಸಾಕು. ಕೆಳಗಿನ ಮನೆಯ ಹುಡುಗ ಮೊಬೈಲಿನಲ್ಲೇ ಅಜ್ಜಿಯ ಮುಖ ತೋರಿಸಿ ನೋಂದಣಿ ಮಾಡಿದ. ಕಾರ್ಡು ಬಂತು, ಲ್ಯಾಮಿನೇಶನ್ನೂ ಆಯಿತು. ಆದರೆ ಇದರ ಖರ್ಚಿನಲ್ಲೂ ರಾಜ್ಯದ ಪಾಲು ಉಂಟು, ಕೇರಳದ ಜನಸಂಖ್ಯೆಯಲ್ಲಿ ಮುದುಕರ ಪಾಲು ದೇಶದಲ್ಲೇ ಹೆಚ್ಚು. ಯಾರು ಎಷ್ಟು ಹಾಕುವುದು ಎಂಬ ಹಳೆಯ ಜಗಳ ಮತ್ತೆ ಶುರುವಾಯಿತು. ಅದೇ 2024ರಲ್ಲಿ ಕೇರಳ ಇನ್ನೊಂದು ಹಟವನ್ನು ಬಿಟ್ಟುಕೊಟ್ಟಿತ್ತು. ಊರಿನ ಆರೋಗ್ಯ ಕೇಂದ್ರಗಳಿಗೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದು ಹೆಸರು ಹಾಕದಿದ್ದರೆ ಆರೋಗ್ಯ ಮಿಷನ್ನಿನ ದುಡ್ಡು ಇಲ್ಲ ಎಂದು ಕೇಂದ್ರ ಪಟ್ಟು ಹಿಡಿದಿತ್ತು. ಕೊನೆಗೆ ಹಳೆಯ ಹೆಸರಿನ ಜೊತೆಗೆ ಅದನ್ನೂ ಹಾಕಲು ಆದೇಶವಾಯಿತು. ಬೋರ್ಡಿನ ವಿಷಯದಲ್ಲಿ ರಾಜಿಯಾಗಬಲ್ಲವರು ಬಿಲ್ಲಿನ ವಿಷಯದಲ್ಲೂ ಆಗಬಹುದು ಎಂದೇ ನನ್ನ ಆಸೆ.

ಮಾಡಬೇಕಾದದ್ದು ಆಕಾಶದ ಕೆಲಸವಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಸಂತ್ರಸ್ತರಾದವರಿಗೆ ಉಚಿತ ಚಿಕಿತ್ಸೆ ಕೊಡುವಾಗ ಕೇರಳ ಸರ್ಕಾರ ಮಂಗಳೂರಿನ ಆಸ್ಪತ್ರೆಗಳನ್ನೂ ನೇರವಾಗಿ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು. ಕಾಸರಗೋಡಿನ ಎಣ್ಮಕಜೆಯ ಮಗುವಿಗೆ ಕೋಝಿಕ್ಕೋಡು ದೂರ ಎಂಬುದನ್ನು ಆಗ ಒಪ್ಪಿದ್ದರು. ಅದೇ ಸಾಮಾನ್ಯ ಜ್ಞಾನ ಈಗ ವಿಮೆಗೂ ಬೇಕು. ಮಂಗಳೂರಿನ ಆಸ್ಪತ್ರೆಗಳ ಬಿಲ್ಲಿಗೆ ಕೇರಳದ ಏಜೆನ್ಸಿ ಒಂದಿಷ್ಟು ಹಣವನ್ನು ಮುಂಗಡವಾಗಿ ಇಟ್ಟರೆ, ಅಥವಾ ಕರ್ನಾಟಕದಲ್ಲಿ ಈ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟು ಮೊದಲು ಕೊಟ್ಟು ಆಮೇಲೆ ಕೇರಳದಿಂದ ವಸೂಲು ಮಾಡಿದರೆ, ಕೌಂಟರಿನ ಹುಡುಗಿ ಅಡ್ವಾನ್ಸ್ ಕೇಳುವ ಪ್ರಮೇಯವೇ ಬರುವುದಿಲ್ಲ. ಎರಡು ಏಜೆನ್ಸಿಗಳೂ ಸರ್ಕಾರದವೇ, ಬಾಕಿ ಬಿದ್ದರೆ ಕಾಗದದಲ್ಲಿ ಜಗಳವಾಡಿಕೊಳ್ಳಲಿ. ಹೊಸಬರನ್ನು ಸೇರಿಸುವುದಕ್ಕೆ ಮಾತ್ರ ಕೇರಳವೇ ಮನಸ್ಸು ಮಾಡಬೇಕು. ಅದರಲ್ಲಿ ಕರ್ನಾಟಕ ಮಾಡುವಂಥದ್ದೇನೂ ಇಲ್ಲ.

ಓರಗಿತ್ತಿಯ ಬಳೆ ಬಿಡಿಸಿ ತಂದಾಗಿದೆ. ಬಡ್ಡಿ ಕಟ್ಟಿದ್ದು ಅಕ್ಕ, ಬೀಡಿಯ ಮಜೂರಿಯಿಂದ. ಮೈದುನ ಈಗಲೂ ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಹೋದಾಗಲೆಲ್ಲ ಹೊಸ ಹೆಸರು ಸೇರಿಸಲು ಶುರುವಾಯಿತಾ ಎಂದು ಕೇಳಿಬರುತ್ತಾನೆ.